ಏಳನೆಯ ಗಡಿಗೆ

"ಬುದ್ಧಿ, ಆರು ಸಲ ಸರಿ ಬಂದು ಒಂದು ಸಲ ತಪ್ಪಿದರೆ, ಆ ಒಂದನ್ನು ಹೇಳಲೇಬೇಕೇ?"

ಕೇಳಿದವಳು ಗಂಗಾಂಬಿಕೆ. ನೇಕಾರರ ಮನೆಯ ಮಗಳು. ಕಾಲೇಜಿನಲ್ಲಿ ಜೀವವಿಜ್ಞಾನ ಓದುತ್ತಿದ್ದಳು. ಅವಳೂ ಮೂವರು ಗೆಳೆಯರೂ ಸೇರಿ ವರ್ಷವಿಡೀ ಕರಿಹಲಗೆಯ ಮೇಲೆ ಬರೆದು, ಜಗಳವಾಡಿ, ಅಳಿಸಿ, ಕೊನೆಗೆ ಒಂದೇ ಒಂದು ಯೋಚನೆಯನ್ನು ಉಳಿಸಿಕೊಂಡಿದ್ದರು. ನೂಲಿಗೆ ಬಣ್ಣ ಹಾಕುವ ಮನೆಗಳಿಂದ ಊರ ಹಳ್ಳಕ್ಕೆ ಬೀಳುವ ನೀರನ್ನು ತಿಳಿ ಮಾಡುವ ಜೀವಾಣು. ದೇವರು ಕೊಟ್ಟ ಜೀವಾಣುವನ್ನೇ ತಿದ್ದಿ ಮಾಡಿದ್ದು. ನೀರಿನ ಬಣ್ಣವನ್ನೆಲ್ಲ ತಿಂದು ಮುಗಿಸಿದ ಮೇಲೆ ಅದು ತಾನಾಗಿ ಸಾಯಬೇಕು. ಏಳು ಸೀಸೆಗಳಲ್ಲಿ ಇಟ್ಟು ನೋಡಿದರು. ಆರರಲ್ಲಿ ಸತ್ತಿತು. ಏಳನೆಯದರಲ್ಲಿ ಸಾಯಲಿಲ್ಲ.

ಮರುದಿನ ಇದನ್ನು ಹಿರಿಯ ವಿಜ್ಞಾನಿಗಳ ಮುಂದೆ ಒಪ್ಪಿಸಬೇಕಿತ್ತು. ಅವರು ಹೂಂ ಎಂದರೆ ಜೀವಾಣು ಹಳ್ಳಕ್ಕೆ ಇಳಿಯುತ್ತದೆ. ಆ ಹೊತ್ತಿನಲ್ಲಿ ಅವಳನ್ನು ಮಠದ ಗುರುಗಳ ಬಳಿಗೆ ಕರೆತಂದವನು ಶಿವನೇ ಇರಬೇಕು.

"ನಿನ್ನ ಜೊತೆಯವರು ಏನನ್ನುತ್ತಾರೆ?"

"ಮೃತ್ಯುಂಜಯ ನಮ್ಮ ತಂಡದ ಮುಂದಾಳು, ಬುದ್ಧಿ. 'ನೀನೇ ಸೀಸೆ ಸರಿಯಾಗಿ ತೊಳೆದಿಲ್ಲ, ಮಹಾತಾಯಿ. ಒಂದು ಸೀಸೆಗಾಗಿ ಒಂದು ವರ್ಷವನ್ನು ಹಳ್ಳಕ್ಕೆ ಹಾಕ್ತೀಯಾ?' ಅಂತಾನೆ. ಹಾಗೇ ಇರಬಹುದು ಅಂತ ನನಗೂ ಅನ್ನಿಸ್ತಿದೆ."

ಗುರುಗಳು ಕಣ್ಣು ಮುಚ್ಚಿ ಹೇಳತೊಡಗಿದರು.

ಒಂದೂರಿನಲ್ಲಿ ಮೊಸರು ಮಾರುವ ಒಬ್ಬ ಹೆಂಗಸು. ಅವಳಿಗೊಂದು ಒಳ್ಳೆಯ ಆಸೆ ಹುಟ್ಟಿತು. ಬೇಸಿಗೆಯಲ್ಲೂ ಹುಳಿಯಾಗದ ಮೊಸರು ಬೇಕು, ದೇವರ ಎಡೆಗೂ ಆಗಬೇಕು, ಮಕ್ಕಳ ತಟ್ಟೆಗೂ ಆಗಬೇಕು. ಸೊಸೆಯೊಂದಿಗೆ ಕೂತು ಹೆಪ್ಪನ್ನು ಹದ ಮಾಡುತ್ತಲೇ ಹೋದಳು. ಕೊನೆಗೊಂದು ದಿನ ಏಳು ಗಡಿಗೆ ಹಾಲಿಗೆ ಆ ಹೊಸ ಹೆಪ್ಪು ಹಾಕಿದಳು. ಆರು ಗಡಿಗೆಗಳಲ್ಲಿ ಗಟ್ಟಿ ಮೊಸರು, ಸಿಹಿ ಸಿಹಿ. ಏಳನೆಯದರಲ್ಲಿ ಲೋಳೆ.

ಅಷ್ಟರಲ್ಲಿ ನೆರೆಯವಳು ಬಟ್ಟಲು ಹಿಡಿದು ಬಾಗಿಲಿಗೆ ಬಂದಳು. "ಅಕ್ಕಾ, ಹೊಸ ಹೆಪ್ಪಂತೆ! ನಮ್ಮನೆಗೂ ಒಂದು ಚಮಚ ಕೊಡು."

ಹೆಪ್ಪು ಕೇಳಿ ಬಂದವರನ್ನು ಬರಿಗೈಯಲ್ಲಿ ಕಳಿಸುವ ರೂಢಿಯಿಲ್ಲ. ಆದರೂ ಹೆಂಗಸು ಹಿಂಜರಿದಳು. ಸೊಸೆ ಕಿವಿಯಲ್ಲಿ ಅಂದಳು: "ಆ ಒಂದು ಗಡಿಗೆ ಸರಿಯಾಗಿ ತೊಳೆದಿರಲಿಲ್ಲ, ಅತ್ತೆ. ಕೊಡಿ." ಹೆಂಗಸು ಒಳ್ಳೆಯ ಗಡಿಗೆಯಿಂದಲೇ ಒಂದು ಚಮಚ ಕೊಟ್ಟಳು. ಏಳನೆಯದರ ಮಾತು ಎತ್ತಲಿಲ್ಲ.

ಆ ಮನೆಯಿಂದ ಈ ಮನೆಗೆ, ಈ ಬೀದಿಯಿಂದ ಆ ಬೀದಿಗೆ ಹೆಪ್ಪು ಹೋಯಿತು. ಹಳೆಯ ಹೆಪ್ಪನ್ನು ಯಾರೂ ಉಳಿಸಿಕೊಳ್ಳಲಿಲ್ಲ. ಬಿಸಿಲು ಏರಿತು. ಒಂದೊಂದೇ ಮನೆಯಲ್ಲಿ ಮೊಸರು ಲೋಳೆಯಾಯಿತು. ದೇವರ ಎಡೆಯೂ ನಿಂತಿತು.

ಯಾರೂ ಅವಳನ್ನು ಬೈಯಲಿಲ್ಲ. ಒಬ್ಬೊಬ್ಬ ತಾಯಿಯೂ ತನ್ನ ಕೈಯನ್ನೇ ಶಪಿಸಿದಳು, ತನ್ನ ಗಡಿಗೆಯನ್ನೇ ಬೂದಿ ಹಾಕಿ ತಿಕ್ಕಿದಳು. ಬೆಳಗಾದರೆ ಬೀದಿಯ ತುಂಬ ಗಡಿಗೆ ತಿಕ್ಕುವ ಸದ್ದು. ಆ ಹೆಂಗಸು ಒಳಗೆ ಕೂತು ಅದನ್ನು ಕೇಳಿದಳು.

ಗುರುಗಳು ಕಣ್ಣು ತೆರೆದರು. ಗಂಗಾಂಬಿಕೆ ಕೇಳಿದಳು:

"ಕೊಟ್ಟ ಹೆಪ್ಪನ್ನು ಅವಳು ಹಿಂದಕ್ಕೆ ಕೇಳಬಹುದಿತ್ತಲ್ಲ, ಬುದ್ಧಿ?"

"ಬಟ್ಟೆ ಕೊಟ್ಟಿದ್ದರೆ ಕೇಳಬಹುದಿತ್ತು. ಹೆಪ್ಪಿಗೆ ಜೀವವಿದೆ, ಮಗಳೇ. ಹೋದ ಮನೆಯ ಹಾಲಿನಲ್ಲಿ ಅದು ಆ ಮನೆಯದೇ ಆಗಿಬಿಡುತ್ತದೆ."

"ಹಾಗಾದರೆ ಅವಳಿಗೆ ದಾರಿಯೇ ಇರಲಿಲ್ಲವೇ?"

"ಇತ್ತು, ತಾಯಿ, ನೆರೆಯವಳ ಬಟ್ಟಲು ಬರಿದಾಗಿರುವ ತನಕ ಇತ್ತು."