ಖಾಲಿ ತಕ್ಕಡಿ

ಶಿಷ್ಯನೊಬ್ಬ ಗುರುಗಳನ್ನು ಕೇಳಿದ: "ಗುರುಗಳೇ, ದುಡಿಯುವವರ ಮನಸ್ಸಿನ ಬಳಲಿಕೆಯನ್ನು ಅಳೆಯಲು ಬರುತ್ತದೆಯೇ?"

ಅವನು ಒಂದು ನೂಲಿನ ಗಿರಣಿಯ ಮೇಲ್ವಿಚಾರಕ. ಉತ್ತರಕ್ಕೆ ಕಾಯದೆ ತಾನೇ ಮುಂದುವರಿಸಿದ: "ನಾನು ಅಳೆದು ನೋಡಿದ್ದೇನೆ. ಕೈಕೆಳಗಿನ ಪ್ರತಿಯೊಬ್ಬರನ್ನೂ ನನ್ನ ಕೋಣೆಗೆ ಕರೆಸಿ ಕೇಳಿದೆ. ಕೆಲಸದಿಂದ ಮನಸ್ಸು ಕುಗ್ಗಿದೆ ಎಂದವರು ಒಬ್ಬರೂ ಇಲ್ಲ. ಮಾಲೀಕರು ನನ್ನನ್ನು ಹೊಗಳಿದರು."

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ವ್ಯಾಪಾರಿ ಇದ್ದ. ಮೆಣಸಿನಕಾಯಿ ಕುಟ್ಟಿಸಿ ಖಾರದ ಪುಡಿ ಮಾರುವುದು ಅವನ ವ್ಯಾಪಾರ. ಅಂಗಡಿಯ ಹಿಂದಿನ ಚಪ್ಪರದಡಿ ಆಳುಗಳು ದಿನವಿಡೀ ಕುಟ್ಟುತ್ತಿದ್ದರು. ಪುಡಿ ಖಾರವಾಗಿತ್ತು, ಮೇಸ್ತ್ರಿಯ ಬಾಯಿ ಅದಕ್ಕಿಂತ ಖಾರ. ನಾಳೆ ಕೆಲಸ ಉಂಟೋ ಇಲ್ಲವೋ ಎಂಬುದು ಯಾರಿಗೂ ಮುಂಚಿತವಾಗಿ ತಿಳಿಯುತ್ತಿರಲಿಲ್ಲ. ಒಬ್ಬೊಬ್ಬರೇ ಹೇಳದೆ ಕೇಳದೆ ಬಿಟ್ಟುಹೋಗತೊಡಗಿದರು.

ವ್ಯಾಪಾರಿ ಉಳಿದವರನ್ನು ಸಾಲಾಗಿ ನಿಲ್ಲಿಸಿದ. ಮೇಸ್ತ್ರಿಯನ್ನು ಪಕ್ಕದಲ್ಲಿಟ್ಟುಕೊಂಡು ಕೇಳಿದ: "ಇಲ್ಲಿ ಯಾರಿಗಾದರೂ ದುಃಖವಿದೆಯೇ?"

ಎಲ್ಲರೂ ಇಲ್ಲ ಎಂದರು. ಕಲ್ಲವ್ವ ಎಂಬವಳು ಮಾತ್ರ ಹೌದು ಎಂದಳು. "ಬೆಳಗ್ಗೆ ಕಣ್ಣು ಬಿಟ್ಟಕೂಡಲೇ ಎದೆ ಭಾರವಾಗುತ್ತದೆ, ಸಾಹುಕಾರರೇ. ನಿದ್ದೆಯಲ್ಲೂ ಒನಕೆ ಎತ್ತುತ್ತಿರುತ್ತೇನೆ. ಮಕ್ಕಳು ಮಾತಾಡಿಸಿದರೂ ಬೇಡವೆನಿಸುತ್ತದೆ."

"ಯಾರಿಗೂ ಇಲ್ಲದ್ದು ಇವಳೊಬ್ಬಳಿಗೆ" ಎಂದ ಮೇಸ್ತ್ರಿ. "ಮಹಾರಾಣಿಗೆ ಪಲ್ಲಕ್ಕಿ ಕಳಿಸೋಣವೇ?"

ಸೊರಗಿರುವವಳು ಒಬ್ಬಳೇ ಎಂದು ವ್ಯಾಪಾರಿ ತೀರ್ಮಾನಿಸಿದ. ನಾಳೆಯಿಂದ ಬರಬೇಡ ಎಂದ. ಕಲ್ಲವ್ವನ ಮನೆಯಲ್ಲಿ ದುಡಿಯುವವರು ಬೇರೆ ಯಾರೂ ಇರಲಿಲ್ಲ. ಅವಳು ಒನಕೆಯನ್ನು ಗೋಡೆಗೆ ಒರಗಿಸಿ ಹೊರಟುಹೋದಳು.

ಆ ಸಂಜೆ ಒಬ್ಬ ಮುದುಕಿ ಪುಡಿ ಕೊಳ್ಳಲು ಬಂದಳು. "ಮೊದಲು ಖಾಲಿ ತಕ್ಕಡಿ ಎತ್ತು, ಆಮೇಲೆ ಹಾಕು" ಎಂದಳು.

"ಇಷ್ಟು ವರ್ಷದ ಗಿರಾಕಿ ನೀನು. ನನ್ನ ಮೇಲೆ ನಂಬಿಕೆ ಇಲ್ಲವೇ, ಅಜ್ಜಿ?"

"ಇದೆಯಪ್ಪಾ. ಪ್ರತಿ ಸಲ ಎತ್ತಿ ತೋರಿಸುತ್ತೀಯಲ್ಲ, ಅದಕ್ಕೇ ಇದೆ."

ವ್ಯಾಪಾರಿ ತಕ್ಕಡಿ ಎತ್ತಿದ. ಎರಡು ತಟ್ಟೆಗಳೂ ಸಮನಾಗಿ ನಿಂತವು. ಇಳಿಸುವುದನ್ನು ಮರೆತು ನಿಂತ. ಹಿಡಿ ಪುಡಿ ಕೊಳ್ಳುವವಳಿಗೆ ತಾನು ಕೊಡುವ ಭರವಸೆಯನ್ನು ತನ್ನ ಆಳುಗಳಿಗೆ ಎಂದೂ ಕೊಟ್ಟಿರಲಿಲ್ಲ.

ಬೆಳಗಾದ ಮೇಲೆ ಅವನೇ ಕಲ್ಲವ್ವನ ಮನೆಗೆ ಹೋಗಿ ಕರೆತಂದ. ಎಲ್ಲರೆದುರು ಹೇಳಿದ: "ನಿಜ ಹೇಳಿದವಳನ್ನು ಹೊರಗೆ ಹಾಕಿದೆ. ತಪ್ಪು ನನ್ನದು. ಇವಳ ಜಾಗ ಇವಳದೇ." ಆಳುಗಳು ತಮ್ಮ ತಮ್ಮ ಒನಕೆ ಎತ್ತಿಕೊಂಡರು. ಅವನೂ ಅಂದು ಏನನ್ನೂ ಕೇಳಲಿಲ್ಲ. ಕೂಲಿಯ ದಿನ ಬಂದಾಗ ಕಲ್ಲವ್ವನಿಗೆ ಎಲ್ಲರಂತೆ ಪೂರ್ತಿ ಕೂಲಿ ಸಿಕ್ಕಿತು. ಅದನ್ನು ಎಲ್ಲರೂ ಕಣ್ಣಾರೆ ಕಂಡರು.

ಆಗ ಅವನು ಮತ್ತೆ ಕೇಳಿದ, ಮೇಸ್ತ್ರಿಯನ್ನು ದೂರವಿಟ್ಟು, ಒಬ್ಬೊಬ್ಬರ ಪಕ್ಕದಲ್ಲಿ ತಾನೇ ನೆಲದ ಮೇಲೆ ಕುಳಿತು. ಒಬ್ಬನಿಗೆ ಊಟ ಸೇರುತ್ತಿರಲಿಲ್ಲ. ಒಬ್ಬಳು ಪ್ರತಿದಿನ ದಾರಿಯಲ್ಲಿ ಅತ್ತು, ಮುಖ ತೊಳೆದು ಒಳಗೆ ಬರುತ್ತಿದ್ದಳು. ಬದುಕೇ ಬೇಡವೆನಿಸಿದೆ ಎಂದವನೂ ಒಬ್ಬ ಇದ್ದ. ಕೊನೆಗೆ ಮೇಸ್ತ್ರಿಯೂ ಬಂದು, ಪುಡಿ ಹೊತ್ತಿಗೆ ಸರಿಯಾಗಿ ಆಗದಿದ್ದರೆ ನೀವು ಏನೆನ್ನುವಿರೋ ಎಂದು ತನಗೂ ನಿದ್ದೆಯಿಲ್ಲ ಎಂದ. ದುಃಖವಿಲ್ಲ ಎನ್ನುವವರು ಒಬ್ಬರೂ ಉಳಿಯಲಿಲ್ಲ.

ವ್ಯಾಪಾರಿ ಕೆಲಸದ ಹೊತ್ತನ್ನು ಇಳಿಸಿದ. ಬೈಗುಳವನ್ನು ನಿಲ್ಲಿಸಿದ. ವಾರದ ಕೆಲಸವನ್ನು ವಾರ ಶುರುವಾಗುವ ಮೊದಲೇ ತಿಳಿಸತೊಡಗಿದ. ಬಿಟ್ಟುಹೋದವರು ಒಬ್ಬೊಬ್ಬರಾಗಿ ಹಿಂತಿರುಗಿದರು. ಬದುಕು ಬೇಡವೆಂದವನು ಮಗಳ ಮದುವೆಗೆ ಎಲ್ಲರನ್ನೂ ಕರೆದ. ಕಲ್ಲವ್ವ ಅಲ್ಲಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆ ಪುಡಿ ಸುತ್ತಲ ಊರುಗಳಲ್ಲೆಲ್ಲ ಹೆಸರು ಮಾಡಿತು.

ಕತೆ ಮುಗಿಯಿತು. ಶಿಷ್ಯ ಕೇಳಿದ: "ಮೊದಲು ಅಲ್ಲಿ ದುಃಖಿ ಒಬ್ಬಳೇ ಇದ್ದಳು, ಆಮೇಲೆ ಎಲ್ಲರೂ ಆದರು. ಅಳತೆ ಕೆಟ್ಟಿತಲ್ಲವೇ?"

ಗುರುಗಳು ಹೇಳಿದರು: "ದುಃಖ ಎರಡು ಸಲವೂ ಅಷ್ಟೇ ಇತ್ತು, ಮೊದಲ ಸಲ ಅವನು ಅಳೆದದ್ದು ಅವರ ಹೆದರಿಕೆಯನ್ನು."