ನಾಲ್ಕು ಹಗ್ಗದ ಡೇರೆ

ಒಂದಾನೊಂದು ಊರಿನಲ್ಲಿ ಮನೆಗಳಿಗೆ ಸುಸ್ತಾಗುತ್ತಿತ್ತು. ಊರಿನ ಹೆಸರು ಉಸ್ಸಾಪುರ. ನಗಬೇಡಿ. ಮನುಷ್ಯರಿಗೆ ಸುಸ್ತಾದರೆ ಮನೆಗೆ ಹೋಗಿ ಮಲಗುತ್ತಾರೆ. ಮನೆಗೇ ಸುಸ್ತಾದರೆ ಅದು ಎಲ್ಲಿಗೆ ಹೋಗಬೇಕು? ತಲೆಯ ಮೇಲೆ ಮಾಳಿಗೆ, ಹೊಟ್ಟೆಯೊಳಗೆ ಜನ, ಎರಡನ್ನೂ ಹೊತ್ತು ನಿಲ್ಲುವುದು ಹುಡುಗಾಟವಲ್ಲ. ಅದಕ್ಕೇ ಅಲ್ಲೊಂದು ಪದ್ಧತಿ ಇತ್ತು. ಪ್ರತಿ ಅಮಾವಾಸ್ಯೆ ಮಧ್ಯಾಹ್ನ ಮನೆಗಳೆಲ್ಲ 'ಉಸ್ಸ್' ಎಂದು ಬಾಗಿಲು ಹಾಕಿಕೊಂಡು ಮಲಗಿಬಿಡುತ್ತಿದ್ದವು. ಮನೆಯವರು ಬುತ್ತಿ ಕಟ್ಟಿಕೊಂಡು, ಚಕ್ಕಡಿ ಹೂಡಿಕೊಂಡು, ಊರಾಚೆಯ ಬಯಲಿಗೆ ಹೋಗಿ ಡೇರೆ ಹಾಕಿ ಬೆಳಗಿನ ತನಕ ಅಲ್ಲೇ ಇರಬೇಕಿತ್ತು.

ಹೂಂ ಅನ್ನುತ್ತಾ ಇರಿ. ಹೂಂ ಅನ್ನದಿದ್ದರೆ ಎದ್ದು ಹೋಗುತ್ತೇನೆ, ನನಗೂ ಸೊಂಟ ನೋವಿದೆ.

ಆ ಬಯಲಿನ ಕತ್ತಲೆ ಒಳ್ಳೆಯದಲ್ಲ. ಊರೊಳಗಿನ ಕತ್ತಲೆಗೆ ಕೈ ಇರುವುದಿಲ್ಲ, ಬಯಲಿನ ಕತ್ತಲೆಗೆ ಇತ್ತು. ಹೊತ್ತು ಮುಳುಗಿದೊಡನೆ ಅದು ತಡಕಾಡುತ್ತಾ ಬರುತ್ತಿತ್ತು. ಡೇರೆಯ ಹೊರಗೆ ಸಿಕ್ಕವರನ್ನು ಒಯ್ಯುತ್ತದೆ ಎಂದು ಊರಿನವರು ಹೇಳುತ್ತಿದ್ದರು. ಆದರೆ ಒಯ್ದದ್ದನ್ನು ಯಾರೂ ಕಂಡಿರಲಿಲ್ಲ. ಇದು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ಈ ಊರಿನಲ್ಲಿ ತೋಪಣ್ಣ ಅಂತ ಒಬ್ಬನಿದ್ದ. ಮನೆಯಲ್ಲಿ ನಾಲ್ಕು ಮಂದಿ. ಅವನು, ಅವನ ತಾಯಿ ಸಂಕವ್ವ, ಹೆಂಡತಿ ಗಿರಿಯವ್ವ, ಮಗಳು ದ್ಯಾಮಿ. ಅವರದೊಂದು ಹಳೆಯ ಡೇರೆ. ಅದಕ್ಕೆ ನಾಲ್ಕು ಮೂಲೆ, ನಾಲ್ಕು ಹಗ್ಗ. ಒಬ್ಬೊಬ್ಬರು ಒಂದೊಂದು ಹಗ್ಗ ಹಿಡಿದು ಜಗ್ಗಿ ನಿಲ್ಲಬೇಕು. ಸಂಕವ್ವ ಜಗ್ಗಿದರೆ ದ್ಯಾಮಿಯ ಕಡೆ ಸಡಿಲ, ದ್ಯಾಮಿ ಜಗ್ಗಿದರೆ ಸಂಕವ್ವನ ಕಡೆ ಸಡಿಲ. ಅಜ್ಜಿ ಹಗ್ಗ ಹಿಡಿದುಕೊಂಡೇ ಕತೆ ಹೇಳುತ್ತಿದ್ದಳು, ಮೊಮ್ಮಗಳು ಹಗ್ಗ ಹಿಡಿದುಕೊಂಡೇ ತೂಕಡಿಸುತ್ತಿದ್ದಳು. ಕತ್ತಲೆ ಬಂದು ಒಂದು ಸುತ್ತು ಹಾಕಿ ಹೋದರೂ ಡೇರೆ ಎದ್ದಿರುತ್ತಿರಲಿಲ್ಲ. ಆಗ ಊರಿನ ಎಲ್ಲರ ಡೇರೆಗಳೂ ಹಾಗೇ ಇದ್ದವು. ಒಬ್ಬರೂ ಕಾಣೆಯಾಗಿರಲಿಲ್ಲ. ಏಕೆಂದು ಯಾರೂ ಕೇಳಲಿಲ್ಲ. ಎಲ್ಲ ಸರಿ ಇರುವಾಗ ಏಕೆಂದು ಕೇಳುವವರು ಯಾರಿದ್ದಾರೆ?

ಆ ಡೇರೆಗೆ ಮಾತೂ ಬರುತ್ತಿತ್ತು. ಆದರೆ ಎಲ್ಲದರಲ್ಲೂ ನಿಧಾನ. ದ್ಯಾಮಿ ಹುಟ್ಟಿದ ವರ್ಷ ಅದು 'ಹ' ಎಂದಿತ್ತು. ಅವಳಿಗೆ ಹಲ್ಲು ಬಿದ್ದು ಹೊಸ ಹಲ್ಲು ಬಂದಾಗ 'ಗ್ಗ' ಎಂದಿತ್ತು. ಮುಂದಿನದು ಇನ್ನೂ ಬಂದಿರಲಿಲ್ಲ. ಅದಕ್ಕೆ ಏನೋ ಹೇಳುವುದಿದೆ ಎಂದು ಅಜ್ಜಿಗೆ ಮಾತ್ರ ಅನ್ನಿಸುತ್ತಿತ್ತು.

ಊರನ್ನು ಆಳುತ್ತಿದ್ದವನು ದಡಬಡ ದೊರೆ. ಒಂದು ಅಮಾವಾಸ್ಯೆ ಅವನ ಡೇರೆ ಎದ್ದು ನಿಲ್ಲುವಷ್ಟರಲ್ಲಿ ಎದುರಿಗಿದ್ದ ಬಿಸಿ ಅನ್ನ ಆರಿಹೋಯಿತು. ಅಷ್ಟೇ ಆದದ್ದು. ನೀವಾಗಿದ್ದರೆ ಮತ್ತೆ ಬಿಸಿ ಮಾಡಿಕೊಂಡು ಉಣ್ಣುತ್ತಿದ್ದಿರಿ. ದೊರೆಗಳಿಗೆ ಅಷ್ಟು ಬುದ್ಧಿ ಇರುವುದಿಲ್ಲ. ಅವನು ಡಂಗುರ ಹೊಡೆಸಿದ. "ಇನ್ನು ಮೇಲೆ ಅನ್ನದ ಆವಿ ಆರುವ ಮೊದಲು ಡೇರೆ ಏಳಬೇಕು. ಎಲ್ಲರಿಗಿಂತ ಮೊದಲು ಎದ್ದ ಡೇರೆಯವರಿಗೆ ಅರಮನೆಯ ಬಿಸಿ ಅನ್ನ. ಉಳಿದವರಿಗೆಲ್ಲ ತಂಗಳು."

ಬಯಲಿನ ನಡುವೆ ಒಂದು ಕಟ್ಟೆ ಕಟ್ಟಿಸಿದ. ಕಟ್ಟೆಯ ಮೇಲೊಂದು ಗೂಡು, ಗೂಡಿನೊಳಗೆ ಆವಿಯ ಪಾರುಪತ್ತೇಗಾರ. ಕೆಲಸವೆಂದರೆ ಅನ್ನದ ತಟ್ಟೆ ಎದುರಿಗಿಟ್ಟುಕೊಂಡು ಆವಿ ನೋಡುವುದು. ಆವಿ ಇದ್ದರೆ 'ಇದೆ' ಎನ್ನಬೇಕು. ಹೋದರೆ 'ಹೋಯಿತು' ಎನ್ನಬೇಕು. ಇದಕ್ಕೆ ಅವನಿಗೆ ಪೇಟ, ಶಲ್ಯ, ಕುದುರೆ ಎಲ್ಲ ಕೊಟ್ಟಿದ್ದರು.

ಮೊದಲ ಅಮಾವಾಸ್ಯೆ ತೋಪಣ್ಣನ ಡೇರೆಯೇ ಎಲ್ಲರಿಗಿಂತ ಹಿಂದೆ. ಜನ ನಕ್ಕರು. ತಂಗಳನ್ನ ಉಂಡು ಸಂಕವ್ವ, "ತಂಗಳಾದರೇನು, ಎಲ್ಲಾರೂ ಕೂಡಿ ಉಂಡ್ವಿ" ಅಂದಳು. ತೋಪಣ್ಣನಿಗೆ ಆ ಮಾತು ಕೇಳಿಸಲಿಲ್ಲ. ಅವನ ಕಿವಿಯೊಳಗೆ ಜನರ ನಗುವೇ ತುಂಬಿತ್ತು.

ಮರುದಿನವೇ ಅವನು ದೊರೆಯ ಡೇರೆ ಉಗ್ರಾಣಕ್ಕೆ ಹೋದ. ಅಲ್ಲಿ ಅವಸರದ ಡೇರೆಗಳು ಸಾಲಾಗಿ ಮಡಿಸಿಕೊಂಡು ಕೂತಿದ್ದವು. ಅವನನ್ನು ಕಂಡ ಕೂಡಲೇ ಎಲ್ಲವೂ ಬಾಯಿಬಿಟ್ಟವು.

"ನನ್ನ ಒಯ್ಯಿರಿ. ನೀವು ಸೀನೋದರೊಳಗ ನಾ ಎದ್ದಿರ್ತೀನಿ."

"ನನ್ನ ಒಯ್ಯಿರಿ. ನೀವು ಸೀನಬೇಕು ಅಂದುಕೊಳ್ಳೋದರೊಳಗ ಎದ್ದಿರ್ತೀನಿ."

"ನಿನ್ನ ಹಗ್ಗ ಎಲ್ಲಿ?" ಅಂತ ತೋಪಣ್ಣ ಎರಡನೆಯದನ್ನು ಕೇಳಿದ.

"ಹಗ್ಗ ಯಾತಕ್ಕ? ಹಗ್ಗ ಇದ್ದರ ಜಗ್ಗಬೇಕು, ಜಗ್ಗಿದರ ಕಟ್ಟಬೇಕು, ಕಟ್ಟಿದರ ತಡ ಆಗತೈತಿ. ನನ್ನ ಎತ್ತಿ ಒಗೀರಿ, ಸಾಕು."

"ನಾಲ್ಕು ಮಂದಿ ಹಿಡೀತಾರೇನು?"

"ನಾ ನಾಲ್ವರ ಡೇರೆ ಅಂತನ ಹುಟ್ಟಿದಾಂವ," ಅಂದಿತು ಡೇರೆ. "ನಾಲ್ಕನೇದವರು ಸ್ವಲ್ಪ ತೆಳ್ಳಗಿರಬೇಕು ಅಷ್ಟ."

"ನಮ್ಮವ್ವ ತೆಳ್ಳಗ ಅದಾಳ."

"ಹಂಗಾದರ ಚಲೋ ಆತು," ಅಂದಿತು ಡೇರೆ.

ಮುಂದಿನ ಅಮಾವಾಸ್ಯೆ ಬಂತು. ಮನೆ 'ಉಸ್ಸ್' ಎಂದು ಮಲಗಿತು. ಬಯಲಿನಲ್ಲಿ ಸಂಜೆ ಅನ್ನದ ತಟ್ಟೆ ಬಂತು. ತೋಪಣ್ಣ ಡೇರೆ ಒಗೆದ. ಒಗೆದದ್ದು ಕೆಳಗೆ ಬೀಳುವ ಮೊದಲೇ ಡೇರೆಯಾಗಿತ್ತು. ತೋಪಣ್ಣ ಹೊಕ್ಕ, ಗಿರಿಯವ್ವ ಹೊಕ್ಕಳು, ದ್ಯಾಮಿ ಹೊಕ್ಕಳು, ಬಾಗಿಲು ಮುಚ್ಚಿತು. ಸಂಕವ್ವ ಇನ್ನೂ ಚಕ್ಕಡಿಯಿಂದ ಒಂದು ಕಾಲು ಇಳಿಸಿದ್ದಳು.

"ಅಜ್ಜಿ ಬಂದಿಲ್ಲ," ಅಂದಳು ದ್ಯಾಮಿ.

"ನಾ ಬೇಗ, ಅವರು ನಿಧಾನ," ಅಂದಿತು ಡೇರೆ. "ಇದರಾಗ ನಂದೇನು ತಪ್ಪು?"

ಮೂವರೂ ಸೇರಿ ಬಾಗಿಲು ಹರಿದು ತೆಗೆಯುವಷ್ಟರಲ್ಲಿ ಚಕ್ಕಡಿಯಲ್ಲಿ ಯಾರೂ ಇರಲಿಲ್ಲ. ಅಜ್ಜಿಯ ಕೋಲು ಮಾತ್ರ ನೊಗಕ್ಕೆ ಒರಗಿಕೊಂಡಿತ್ತು.

ಬಿಸಿ ಅನ್ನವೂ ಅವರಿಗೆ ಸಿಗಲಿಲ್ಲ. ಪಕ್ಕದವರ ಡೇರೆ ಮೊದಲು ಎದ್ದಿತ್ತು. ಅವರು ಇಬ್ಬರನ್ನು ಹೊರಗೆ ಬಿಟ್ಟಿದ್ದರು.

ಬೆಳಿಗ್ಗೆ ಮನೆ ಎದ್ದು ಆಕಳಿಸಿ ಕೇಳಿತು. "ಅಜ್ಜಿ ಎಲ್ಲಿ?"

"ಹಿಂದಿನಿಂದ ಬರ್ತಾಳ," ಅಂದ ತೋಪಣ್ಣ.

ಮನೆ ಸಂಜೆಯವರೆಗೆ ಕಾಯಿತು. ಆಮೇಲೆ ಹೇಳಿತು. "ಖಾಲಿ ಕೋಣೆ ಅಂದರ ನನಗ ಹಲ್ಲುನೋವು ಬಂದಂಗ. ತಡಕೊಳ್ಳಾಕ ಆಗೂದಿಲ್ಲ." ಹೀಗೆಂದು ಅಜ್ಜಿಯ ಕೋಣೆಯನ್ನು ನುಂಗಿಬಿಟ್ಟಿತು. ಕೋಣೆಯಿದ್ದ ಕಡೆ ಬರೀ ಗೋಡೆ ಉಳಿಯಿತು. ದ್ಯಾಮಿ ಆ ಗೋಡೆಯ ಎದುರಿಗೇ ಕೂತು ಆಟವಾಡುತ್ತಿದ್ದಳು. ಅವಳನ್ನು ಅಲ್ಲಿಂದ ಏಳಿಸಲು ಗಿರಿಯವ್ವನಿಗೆ ಮನಸ್ಸಾಗಲಿಲ್ಲ.

ಮತ್ತೆ ಅಮಾವಾಸ್ಯೆ ಬಂತು. "ಹಳೇ ಡೇರೆನ ಒಯ್ಯೂಣ್ರಿ," ಅಂದಳು ಗಿರಿಯವ್ವ.

"ಅದಕ್ಕ ನಾಲ್ಕು ಹಗ್ಗ. ನಾವು ಮೂರು ಮಂದಿ. ಅವ್ವನ ಮೂಲಿ ಯಾರು ಹಿಡೀತಾರ?"

ಗಿರಿಯವ್ವ ಹಳೆಯ ಡೇರೆಯನ್ನು ಒಯ್ದು ಹಿತ್ತಲಿನ ಸೌದೆಗೆ ಹೊದಿಸಿದಳು. ನೋಡಿ, ಇದೇ ಈ ಕತೆಯ ಕೆಟ್ಟ ಬುದ್ಧಿ. ಒಬ್ಬರನ್ನು ಕಳೆದುಕೊಂಡರೆ ನಿಧಾನದ ಡೇರೆ ನಿಲ್ಲುವುದಿಲ್ಲ. ನಿಧಾನದ್ದು ನಿಲ್ಲದಿದ್ದರೆ ಅವಸರದ್ದೇ ಬೇಕು. ಅವಸರದ್ದು ತಂದರೆ ಇನ್ನೊಬ್ಬರನ್ನು ಕಳೆದುಕೊಳ್ಳಬೇಕು. ಊರೆಲ್ಲ ಈ ಗಾಣಕ್ಕೆ ಬಿದ್ದಿತ್ತು. ದೊರೆಗೆ ಮಾತ್ರ ಬಲು ಖುಷಿ. ತಿಂಗಳು ತಿಂಗಳು ಡೇರೆಗಳು ಬೇಗ ಬೇಗ ಏಳುತ್ತಿದ್ದವು, ಅಕ್ಕಿಯೂ ಕಡಿಮೆ ಸಾಕಾಗುತ್ತಿತ್ತು.

ತೋಪಣ್ಣ ಈ ಸಲ ಮೂವರ ಡೇರೆ ತಂದ. ಗಿರಿಯವ್ವ ಯಾರಿಗೂ ಹೇಳದೆ ಒಂದು ಉಪಾಯ ಮಾಡಿದಳು. ಸಂಜೆ ಡೇರೆ ಒಗೆಯುವ ಮೊದಲು ಅದರ ಮಡಿಕೆಯೊಳಗೇ ದ್ಯಾಮಿಯನ್ನು ಸುತ್ತಿಟ್ಟಳು. ಡೇರೆ ಎದ್ದಾಗ ಮಗಳು ಆಗಲೇ ಒಳಗಿದ್ದಳು. ತೋಪಣ್ಣ ಹಾರಿ ಒಳಗೆ ಬಿದ್ದ. ಬಾಗಿಲು ಮುಚ್ಚಿತು. ಒಳಗಿನಿಂದ ಅದಕ್ಕೊಂದು ಗುಂಡಿ, ಗುಂಡಿಗೊಂದು ಕುಣಿಕೆ.

ಹೊರಗಿನಿಂದ ಗಿರಿಯವ್ವನ ದನಿ ಬಂತು. "ದ್ಯಾಮಿ ಒಳಗದಾಳೇನ್ರಿ?"

"ಅದಾಳ," ಅಂದ ತೋಪಣ್ಣ. ಅವನ ಬೆರಳು ಕುಣಿಕೆಯ ಮೇಲಿತ್ತು.

ಕಟ್ಟೆಯಿಂದ ಪಾರುಪತ್ತೇಗಾರ ಕೂಗಿದ. "ಆವಿ ಇದೆ. ತೋಪಣ್ಣನ ಡೇರೆಯೇ ಮೊದಲು. ಆದರೆ ಈಗ ಬಾಗಿಲು ತೆಗೆದರೆ ಎದ್ದ ಲೆಕ್ಕಕ್ಕಿಲ್ಲ."

ತೋಪಣ್ಣ ಯೋಚಿಸಿದ. ಬಹಳ ಹೊತ್ತೇನೂ ಅಲ್ಲ. ಒಂದು ತುತ್ತು ಅನ್ನದ ಆವಿ ಆರುವಷ್ಟು ಹೊತ್ತು.

"ಹಂಗಾದರ ಸಾಕು ಬಿಡ್ರಿ," ಅಂತ ಹೊರಗಿನಿಂದ ಕೇಳಿತು. ಆಮೇಲೆ ಏನೂ ಕೇಳಲಿಲ್ಲ.

ಬಿಸಿ ಅನ್ನ ಬಂತು. ದ್ಯಾಮಿ ಮುಟ್ಟಲಿಲ್ಲ. ತೋಪಣ್ಣ ಒಂದು ತುತ್ತು ಬಾಯಿಗಿಟ್ಟುಕೊಂಡ. ನುಂಗಲೂ ಆಗದೆ ಉಗುಳಲೂ ಆಗದೆ ಬೆಳಗಿನವರೆಗೂ ಹಾಗೇ ಇಟ್ಟುಕೊಂಡು ಕೂತ. ಬೆಳಿಗ್ಗೆ ಮನೆ ಎದ್ದು ಗಿರಿಯವ್ವ ಎಲ್ಲಿ ಎಂದಿತು. ಅವನ ಬಾಯಲ್ಲಿ ಅನ್ನ ಇದ್ದುದರಿಂದ ಉತ್ತರ ಬರಲಿಲ್ಲ. ಮನೆ ಅಡುಗೆಮನೆಯನ್ನು ನುಂಗಿತು.

ಹೂಂ ಅನ್ನುವುದು ನಿಂತಿದೆ. ಇರಲಿ. ಇಲ್ಲಿ ನಾನೂ ನಿಲ್ಲಿಸುತ್ತಿದ್ದೆ, ಆದರೆ ಅಮಾವಾಸ್ಯೆ ನಿಲ್ಲುವುದಿಲ್ಲವಲ್ಲ.

"ಈ ಸಲ ಎಲ್ಲೂ ಹೋಗೂದಿಲ್ಲ," ಅಂದ ತೋಪಣ್ಣ, ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು. ಮನೆಗೆ ಸಿಟ್ಟು ಬಂತು. "ನನಗೂ ನಿದ್ದಿ ಬೇಕು," ಎಂದು ಅವರಿಬ್ಬರನ್ನೂ ಉಸಿರಿನಿಂದ ಊದಿ ಅಂಗಳಕ್ಕೆ ತಳ್ಳಿತು. ಹಿಂದೆಯೇ ಬಾಗಿಲು ಹಾಕಿಕೊಂಡಿತು.

ಉಗ್ರಾಣದಲ್ಲಿ ಇಬ್ಬರ ಡೇರೆ ಇತ್ತು. ಇಬ್ಬರ ಡೇರೆ ಅಂದರೆ ಎಷ್ಟು ಮಂದಿಯದು ಅಂತ ಈಗ ತೋಪಣ್ಣನಿಗೆ ಗೊತ್ತಿತ್ತು. ಅವನು ಉಗ್ರಾಣದ ಕಡೆ ಹೋಗಲಿಲ್ಲ. ಹಿತ್ತಲಿನಲ್ಲಿ ಸೌದೆಗೆ ಹೊದಿಸಿದ್ದ ಹಳೆಯ ಡೇರೆಯನ್ನು ಎಳೆದು ಚಕ್ಕಡಿಗೆ ಹಾಕಿದ.

"ನಾಲ್ಕು ಹಗ್ಗ, ನಾವಿಬ್ಬರ," ಅಂದ.

"ಕೈ ನಾಲ್ಕು ಅದಾವಲ್ಲಪ್ಪ," ಅಂದಳು ದ್ಯಾಮಿ.

ಬಯಲಿನಲ್ಲಿ ಆ ಸಂಜೆ ದೊರೆಯ ಡೇರೆಯೇ ಎಲ್ಲರ ಬಾಯಲ್ಲಿತ್ತು. ಅದು ಒಬ್ಬರ ಡೇರೆ. ಲೋಕದಲ್ಲೇ ಎಲ್ಲಕ್ಕಿಂತ ಅವಸರದ್ದು. ಒಗೆಯುವ ಮೊದಲೇ ಎದ್ದಿರುತ್ತಿತ್ತು. ಅನ್ನದ ತಟ್ಟೆ ಬಂತು. ಡೇರೆಗಳು ಎದ್ದವು, ಬಾಗಿಲುಗಳು ಮುಚ್ಚಿದವು. ದೊರೆಯ ಡೇರೆ ಎಷ್ಟು ಬೇಗ ಮುಚ್ಚಿಕೊಂಡಿತೆಂದರೆ ದೊರೆ ಹೊರಗೇ ಉಳಿದ.

"ತೆಗಿ," ಅಂದ ದೊರೆ.

"ತೆಗೆದರೆ ಎದ್ದ ಲೆಕ್ಕಕ್ಕಿಲ್ಲ, ಪ್ರಭು," ಅಂದಿತು ಡೇರೆ. "ಗೆದ್ದವರು ನೀವೇ."

ತೋಪಣ್ಣ ಮತ್ತು ದ್ಯಾಮಿ ಬೆನ್ನಿಗೆ ಬೆನ್ನು ಕೊಟ್ಟು, ಎರಡೂ ಕೈ ಚಾಚಿ, ಎರಡೆರಡು ಹಗ್ಗ ಜಗ್ಗುತ್ತಿದ್ದರು. ಡೇರೆ ಮೊಣಕಾಲಿನಷ್ಟು ಏಳುವುದು, ಕೂರುವುದು. ಕತ್ತಲೆ ಬಂತು. ತಡಕಾಡುತ್ತಾ ನೇರ ಅವರ ಕಡೆಗೇ ಬಂತು. ಆಗ ಹಳೆಯ ಡೇರೆ, ವರ್ಷಗಳ ಹಿಂದೆ ಶುರು ಮಾಡಿದ್ದ ಮಾತನ್ನು ಮುಗಿಸಿತು.

"...ಬಿಡಬೇಡಿ," ಅಂದಿತು.

ದ್ಯಾಮಿ ಮೊದಲಿನ ಮಾತನ್ನು ಇದಕ್ಕೆ ಕೂಡಿಸಿಕೊಂಡಳು. ಹಗ್ಗ ಬಿಡಬೇಡಿ. ಅಷ್ಟೇ ಇದ್ದದ್ದು.

ಕತ್ತಲೆ ಅವಳ ಕೈ ಮುಟ್ಟಿ ನೋಡಿತು. ಕೈಯಲ್ಲಿ ಹಗ್ಗವಿತ್ತು. ಇನ್ನೊಂದು ಕೈ ಮುಟ್ಟಿತು. ಅದರಲ್ಲೂ ಹಗ್ಗವಿತ್ತು. ತೋಪಣ್ಣನ ಕೈಗಳನ್ನೂ ಮುಟ್ಟಿತು. ಹಗ್ಗ ಹಿಡಿದವರನ್ನು ಅದು ಎಂದೂ ಒಯ್ದಿರಲಿಲ್ಲ, ಒಯ್ಯಲು ಅದಕ್ಕೆ ಬರುತ್ತಲೂ ಇರಲಿಲ್ಲ. ಹಿಂದೆ ಊರಿನವರು ಡೇರೆಯಿಂದಾಗಿ ಬದುಕಿ ಉಳಿದಿರಲಿಲ್ಲ, ಡೇರೆ ಏಳುವ ತನಕ ಹಿಡಿದುಕೊಂಡು ನಿಂತದ್ದರಿಂದ ಉಳಿದಿದ್ದರು. ಕತ್ತಲೆ ಅವರಿಬ್ಬರನ್ನು ಬಿಟ್ಟು ಮುಂದೆ ಹೋಯಿತು. ಮುಂದೆ ದೊರೆ ಬರಿಗೈಯಲ್ಲಿ ನಿಂತಿದ್ದ.

ಪಾರುಪತ್ತೇಗಾರ ಗೂಡಿನ ಕಿಂಡಿಯಿಂದ ಅನ್ನದ ತಟ್ಟೆ ನೋಡಿದ. "ಆವಿ ಇದೆ," ಅಂದ. ಗೆದ್ದು ಉಣ್ಣಬೇಕಾದವನು ಮಾತ್ರ ಇರಲಿಲ್ಲ.

ಬೆಳಗಾಗುವ ಹೊತ್ತಿಗೆ ತೋಪಣ್ಣನ ತೋಳುಗಳು ಮರಗಟ್ಟಿದ್ದವು. ಆಗ ಅವನು ಬೆನ್ನ ಹಿಂದಿದ್ದ ಮಗಳಿಗೆ ಹೇಳಿದ. "ಕುಣಿಕಿ ನನ್ನ ಕೈಯಾಗ ಇತ್ತು, ಯವ್ವಾ. ನಾ ತೆಗೀಲಿಲ್ಲ."

"ನೋಡೀನಿ," ಅಂದಳು ದ್ಯಾಮಿ.

ಈಗಲೂ ಪ್ರತಿ ಅಮಾವಾಸ್ಯೆ ಅಪ್ಪ ಮಗಳು ಹಳೆಯ ಡೇರೆ ಹೊತ್ತು ಬಯಲಿಗೆ ಹೋಗುತ್ತಾರೆ. ಡೇರೆ ಎಂದೂ ಪೂರ್ತಿ ಏಳುವುದಿಲ್ಲ. ಹಗ್ಗ ಹಂಚುವವಳು ದ್ಯಾಮಿ. ತನ್ನದು ತಾನಿಟ್ಟುಕೊಂಡು, ಅಪ್ಪನದು ಅಪ್ಪನಿಗೆ ಕೊಡುತ್ತಾಳೆ. ಅಜ್ಜಿಯದೂ ಅವನಿಗೇ ಕೊಡುತ್ತಾಳೆ. ಉಳಿದ ಒಂದಕ್ಕೆ ತೋಪಣ್ಣ ಪ್ರತಿ ಸಲ ಕೈ ಚಾಚುತ್ತಾನೆ.

"ಬ್ಯಾಡ," ಅನ್ನುತ್ತಾಳೆ ದ್ಯಾಮಿ. "ಅವ್ವಂದು ನಾ ಹಿಡೀತೀನಿ."

ಇದರ ನೀತಿ ಏನು ಅಂತ ಕೇಳುತ್ತೀರಿ, ಗೊತ್ತು. ನೀತಿ ಇಷ್ಟೇ. ನಾಲ್ವರ ಡೇರೆ ಅಂದರೆ ಮೂವರದು. ಕೊಳ್ಳುವಾಗ ಎಷ್ಟು ಬೇಗ ಏಳುತ್ತೀ ಅಂತ ಕೇಳಬೇಡಿ, ಯಾರ ಮೇಲೆ ಬಾಗಿಲು ಹಾಕುತ್ತೀ ಅಂತ ಕೇಳಿ.

ಅವರು ಅಲ್ಲಿ ಹಗ್ಗ ಹಿಡಿದು ನಿಂತಿದ್ದಾರೆ, ನಾವು ಇಲ್ಲಿ ಬರಿಗೈಯಲ್ಲಿ ಕೂತಿದ್ದೇವೆ. ನಮ್ಮ ಎದುರಿನ ಬೆಂಕಿಯೂ ಆರುತ್ತಾ ಬಂತು. ಪಕ್ಕದಲ್ಲಿ ಯಾರಿದ್ದಾರೋ ನೋಡಿ, ಅವರ ಕೈ ಹಿಡಿದುಕೊಳ್ಳಿ.