ಗುಳುಮುಳುಕದ ಮೂರು ಮರಿಗಳು

"ಗುರುಗಳೇ, ಪ್ರೀತಿಯಿಂದ ಹತ್ತಿರ ಹೋಗುವುದೂ ತಪ್ಪೇ?" ಎಂದು ಗದಿಗೆಯ್ಯ ಕೇಳಿದ.

ಅವನು ಕೂತಲ್ಲಿ ಕೂರಲಾರದೆ ಮತ್ತೆ ಮತ್ತೆ ಮಗ್ಗುಲು ಬದಲಿಸುತ್ತಿದ್ದ. ತಂಗಿಯನ್ನು ಮದುವೆ ಮಾಡಿಕೊಟ್ಟು ನಾಲ್ಕು ತಿಂಗಳಾಗಿತ್ತು. ವಾರ ತಪ್ಪದೆ ಅವಳ ಮನೆಗೆ ಹೋಗಿ ಬರುತ್ತಿದ್ದ. ಮೊನ್ನೆ ಅವಳು, "ಅಣ್ಣಾ, ನಾನು ಈ ಮನೆಗೆ ಹೊಂದಿಕೊಳ್ಳಬೇಕು, ಸ್ವಲ್ಪ ದಿನ ಬರಬೇಡ" ಎಂದು ಕೈಮುಗಿದಿದ್ದಳು.

ಗುರುಗಳು ಹೇಳತೊಡಗಿದರು.

ಹಕ್ಕಿಗಳ ಫೋಟೋ ತೆಗೆಯುವ ಒಬ್ಬ ಹೆಂಗಸು ಇದ್ದಳು. ಒಂದು ಕೆರೆಯಲ್ಲಿ ಗುಳುಮುಳುಕ ಎಂಬ ಸಣ್ಣ ನೀರುಹಕ್ಕಿ ಮೂರು ಮರಿ ಮಾಡಿತ್ತು. ಆ ಹಕ್ಕಿ ಎಳೆಯ ಮರಿಗಳನ್ನು ಬೆನ್ನ ಮೇಲೆ ಹೊತ್ತು ಈಜುತ್ತದೆ. ತಾಯಿಯ ರೆಕ್ಕೆಯ ಸಂದಿಯಿಂದ ಮೂರೂ ತಲೆಗಳು ಇಣುಕುವ ಚಿತ್ರ ಆಕೆಗೆ ಬೇಕಾಗಿತ್ತು. ಎಂಟು ದಿನ ದಡದಲ್ಲಿ ಕಾದಳು. ಒಮ್ಮೆ ಎರಡೇ ತಲೆ ಕಂಡವು. ಒಮ್ಮೆ ಜೊಂಡು ಅಡ್ಡ ಬಂತು. ಜಾಗ ಬದಲಿಸಿದರೆ ಹಕ್ಕಿಯೂ ಆಚೆ ದಡಕ್ಕೆ ಸರಿಯಿತು. ಮರಿಗಳು ದಿನದಿಂದ ದಿನಕ್ಕೆ ಬೆಳೆಯುತ್ತಿದ್ದವು. ಇನ್ನೆರಡು ದಿನಕ್ಕೆ ಬೆನ್ನಿಳಿದುಬಿಡುತ್ತವೆ ಎಂದು ಆಕೆಗೆ ಚಡಪಡಿಕೆ ಹತ್ತಿತು. ಊಟ ರುಚಿಸಲಿಲ್ಲ.

ಒಂಬತ್ತನೆಯ ಬೆಳಿಗ್ಗೆ ಒಬ್ಬ ಮೀನುಗಾರನ ಹರಿಗೋಲು ಹತ್ತಿದಳು. ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ ಎನ್ನುತ್ತ ಅರ್ಧ ಕೆರೆ ದಾಟಿಸಿದಳು. ಮೀನುಗಾರ ಹುಟ್ಟು ಹಾಕುವುದನ್ನು ನಿಲ್ಲಿಸಿದ.

"ಸಾಕು ತಾಯಿ. ಇನ್ನು ಮುಂದೆ ಹೋದರೆ ಅದು ಹೆದರಿ ಮುಳುಗುತ್ತದೆ. ಮರಿಗಳು ನೀರಿನ ಮೇಲೆ ಉಳಿದುಬಿಡುತ್ತವೆ."

"ನಾನು ಅವಕ್ಕೆ ಏನು ಮಾಡುತ್ತೇನಪ್ಪ? ಮೊಟ್ಟೆಯೊಡೆದು ಬಂದಾಗಿನಿಂದ ನೋಡುತ್ತಿದ್ದೇನೆ. ನಾಲ್ಕು ಮಾರು ಹೋಗು, ಸಾಕು."

ಹೋದರು. ಹಕ್ಕಿ ಮುಳುಗಿತು. ಎರಡು ಮರಿಗಳು ಜೊಂಡು ಸೇರಿಕೊಂಡವು. ಮೂರನೆಯದು ಹರಿಗೋಲಿನ ಪಕ್ಕದಲ್ಲೇ ಉಳಿದು ಚೀರತೊಡಗಿತು. ತಾಯಿ ದೂರದಲ್ಲಿ ಎದ್ದು ಕೂಗಿತು. ನಡುವೆ ಹರಿಗೋಲಿದ್ದುದರಿಂದ ಹತ್ತಿರ ಬರಲಾರದೆ ಅತ್ತಿತ್ತ ಈಜಿತು. ಅಷ್ಟರಲ್ಲಿ ಮೇಲೆ ಹದ್ದೊಂದು ಸುತ್ತತೊಡಗಿತ್ತು. ಮೀನುಗಾರ ಹರಿಗೋಲು ತಿರುಗಿಸಲು ಹುಟ್ಟು ಎತ್ತಿದ. ಆಕೆಯೂ ಹದ್ದನ್ನು ಕಂಡಳು. ಆದರೆ ಮರಿ ಇಷ್ಟು ಹತ್ತಿರ ಎಂದೂ ಸಿಕ್ಕಿರಲಿಲ್ಲ.

"ಒಂದು ನಿಮಿಷ, ಅಲುಗಾಡಿಸಬೇಡ" ಎಂದು ಕ್ಯಾಮೆರಾವನ್ನು ಕಣ್ಣಿಗೆ ಹಿಡಿದಳು.

ಆ ನಿಮಿಷದಲ್ಲಿ ಹದ್ದು ಎರಗಿತು.

ಚಿತ್ರ ಬಹಳ ಚೆನ್ನಾಗಿ ಬಂದಿತ್ತು. ಮರಿಯ ತುಪ್ಪಳದ ಎಳೆ ಎಳೆಯೂ ಕಾಣುತ್ತಿತ್ತು, ತೆರೆದ ಬಾಯಿಯೂ ಕಾಣುತ್ತಿತ್ತು. ಆಕೆ ಅದನ್ನು ಯಾರಿಗೂ ತೋರಿಸಲಿಲ್ಲ. ಅಳಿಸಿಹಾಕಲೂ ಕೈ ಬರಲಿಲ್ಲ.

ಗುರುಗಳು ಮಾತು ನಿಲ್ಲಿಸಿದರು. ಗದಿಗೆಯ್ಯನಿಗೆ ಆ ಹೆಂಗಸಿನ ಮೇಲೆ ಸಿಟ್ಟು ಬಂದಿತ್ತು. ಸಿಟ್ಟಿನ ಜೊತೆಗೆ ಎಂಥದೋ ಸಮಾಧಾನವೂ ಆಗಿತ್ತು.

"ಆಕೆಗೆ ಆ ಹಕ್ಕಿಗಳ ಮೇಲೆ ಪ್ರೀತಿಯೇ ಇರಲಿಲ್ಲ, ಗುರುಗಳೇ" ಎಂದ.

ಗುರುಗಳು ಅವನನ್ನೇ ನೋಡಿ ಹೇಳಿದರು: "ನಿನಗೆ ನಿನ್ನ ತಂಗಿಯ ಮೇಲೆ ಇರುವಷ್ಟೇ ಇತ್ತು."